ಹೀಬ್ರೂ ಧರ್ಮಗ್ರಂಥಕ್ಕೆ ಯಾವ ಅನುವಾದ? ಕೊಳ್ಳುವ ಮುಂಚೆ ತೆರೆದು ನೋಡಬೇಕಾದ ಪುಟಗಳು

ಹೀಬ್ರೂ ಧರ್ಮಗ್ರಂಥವನ್ನು, ಅಂದರೆ ಕ್ರೈಸ್ತರ ಬೈಬಲಿನ ಹಳೆಯ ಒಡಂಬಡಿಕೆಯನ್ನು, ಒಮ್ಮೆ ಮೊದಲಿನಿಂದ ಕೊನೆಯವರೆಗೆ ಓದಬೇಕು, ಯಾವ ಪ್ರತಿ ಕೊಳ್ಳಲಿ ಎಂದು ಕೇಳುವವರು ನಾನಾ ತರಹದವರು. ಸಾಹಿತ್ಯದ ವಿದ್ಯಾರ್ಥಿಗಳಿದ್ದಾರೆ, ಪ್ರತಿ ಭಾನುವಾರ ಚರ್ಚಿಗೆ ಹೋಗುವವರಿದ್ದಾರೆ, ಉಪನಿಷತ್ತು ಮುಗಿಸಿ ಈಗ ಇದಕ್ಕೆ ಬಂದ ನಿವೃತ್ತರಿದ್ದಾರೆ. ಕನ್ನಡದಲ್ಲೇ ಮೂರ್ನಾಲ್ಕು ಅನುವಾದಗಳಿವೆ, ಇಂಗ್ಲಿಷಿನಲ್ಲಂತೂ ಲೆಕ್ಕವಿಲ್ಲ. ಎಲ್ಲವೂ ತಮ್ಮನ್ನು ಮೂಲನಿಷ್ಠ ಎಂದೇ ಕರೆದುಕೊಳ್ಳುತ್ತವೆ. ಹಾಗಾಗಿ ಆ ಮಾತನ್ನು ಬದಿಗಿಟ್ಟು ಬೇರೆ ಕಡೆಯಿಂದ ಶುರುಮಾಡೋಣ.

ನನ್ನ ಅಭಿಪ್ರಾಯ ಇಷ್ಟು: ಸಲೀಸಾದ ಪುಟಗಳಲ್ಲಿ ಅನುವಾದಗಳ ನಡುವೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಹೀಬ್ರೂ ಮೂಲವೇ ತೊಡಕಾಗಿರುವ ಜಾಗಗಳಲ್ಲಿ ಅನುವಾದಕರು ಏನು ಮಾಡಿದರು, ಮಾಡಿದ್ದನ್ನು ಓದುಗನಿಗೆ ತಿಳಿಸಿದರೋ ಮುಚ್ಚಿಟ್ಟರೋ ಎಂಬುದನ್ನು ನೋಡಿದರೆ ಪುಸ್ತಕದ ಜಾತಕ ತಿಳಿಯುತ್ತದೆ. ಆದ್ದರಿಂದ ಮೊದಲು ಅಳತೆಗೋಲುಗಳು. ಯಾವ ಮೂಲಪಾಠದ ಮೇಲೆ ನಿಂತಿದೆ? ಅರ್ಥ ಗೊತ್ತಾಗದ ಕಡೆ ಗೊತ್ತಿಲ್ಲ ಎನ್ನುತ್ತದೆಯೇ? ಯೆಹೂದ್ಯರ ಕಣ್ಣಿನಿಂದ ನೋಡುತ್ತದೋ, ಕ್ರೈಸ್ತರ ಕಣ್ಣಿನಿಂದಲೋ, ವಿಶ್ವವಿದ್ಯಾಲಯದ ಕಣ್ಣಿನಿಂದಲೋ? ಗಟ್ಟಿಯಾಗಿ ಓದಿದರೆ ಕಿವಿಗೆ ಹಿತವೇ? ಕೊನೆಗೆ ಬೆಲೆ.

ಮೂಲ ಎಂದರೆ ಯಾವ ಮೂಲ

ಪ್ರಾಚೀನ ಹೀಬ್ರೂವನ್ನು ಬಹುಮಟ್ಟಿಗೆ ವ್ಯಂಜನಗಳಲ್ಲೇ ಬರೆಯುತ್ತಿದ್ದರು. ಕಾಗುಣಿತವಿಲ್ಲದ ಕನ್ನಡವನ್ನು ಊಹಿಸಿಕೊಳ್ಳಿ: 'ಕಲ' ಎಂದು ಬರೆದಿದ್ದರೆ ಅದು ಕಾಲೋ, ಕೋಲೋ, ಕಲ್ಲೋ ಎಂಬುದನ್ನು ಸಂದರ್ಭ ನೋಡಿ ಓದಿಕೊಳ್ಳಬೇಕು. ಓದುವ ಪರಂಪರೆ ಬಾಯಿಂದ ಬಾಯಿಗೆ ಬಂತು. ಅದಕ್ಕೆ ಸ್ವರಚಿಹ್ನೆ ಹಾಕಿ ಭದ್ರಪಡಿಸಿದವರು ಕ್ರಿ.ಶ. ಮೊದಲ ಸಹಸ್ರಮಾನದ ಕೊನೆಯ ಶತಮಾನಗಳಲ್ಲಿ ಗಲಿಲಾಯದ ತಿಬೇರಿಯಾದಲ್ಲಿದ್ದ ಮಸೋರೆಟ್ ವಿದ್ವಾಂಸರು. ಅವರ ಪಾಠದ ಅತಿ ಹಳೆಯ ಸಂಪೂರ್ಣ ಪ್ರತಿ ಸುಮಾರು 1008ರದು. ಅದು ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ, ಲೆನಿನ್‌ಗ್ರಾಡ್ ಕೋಡೆಕ್ಸ್ ಎಂದೇ ಹೆಸರು.

ಆದರೆ ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲು, ಕ್ರಿ.ಪೂ. ಮೂರನೆಯ ಶತಮಾನದಲ್ಲೇ, ಈಜಿಪ್ಟಿನ ಯೆಹೂದ್ಯರು ಇದನ್ನು ಗ್ರೀಕಿಗೆ ತರಲು ಆರಂಭಿಸಿದ್ದರು. ಅದೇ ಸೆಪ್ಟುವಜಿಂಟ್. ಅವರ ಮುಂದಿದ್ದ ಹೀಬ್ರೂ ಪ್ರತಿ ಕೆಲವು ಕಡೆ ಬೇರೆಯೇ ಇತ್ತು, ಕೆಲವು ಕಡೆ ಅವರು ವ್ಯಂಜನಗಳನ್ನು ಬೇರೆಯಾಗಿ ಓದಿಕೊಂಡರು. ಆದಿಕಾಂಡ 47:31ರಲ್ಲಿ, ಅಂದರೆ 47ನೆಯ ಅಧ್ಯಾಯದ 31ನೆಯ ವಚನದಲ್ಲಿ, ಮುದುಕ ಯಾಕೋಬ ತಲೆಬಾಗುತ್ತಾನೆ. ಯಾವುದರ ಕಡೆಗೆ? ಮಸೋರೆಟ್ ಪಾಠದಲ್ಲಿ ಮಿಟ್ಟಾ, ಅಂದರೆ ಹಾಸಿಗೆಯ ತಲೆಕಡೆಗೆ. ಗ್ರೀಕಿನವರು ಅದೇ ಅಕ್ಷರಗಳನ್ನು ಮಟ್ಟೆ ಎಂದು ಓದಿದರು, ಅಂದರೆ ಕೋಲು. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಪತ್ರದಲ್ಲಿ ಗ್ರೀಕಿನ ಕೋಲೇ ಉಳಿದಿದೆ. ಹಾಗಾಗಿ ಒಂದೇ ಬೈಬಲಿನ ಎರಡು ಕಡೆ ಯಾಕೋಬನಿಗೆ ಎರಡು ಬೇರೆ ಆಸರೆ.

1947ರಿಂದ ಮುಂದಕ್ಕೆ ಮೃತ ಸಮುದ್ರದ ಬಳಿ ಕುಮ್ರಾನಿನ ಗವಿಗಳಲ್ಲಿ ಸುರುಳಿಗಳು ಸಿಕ್ಕ ಮೇಲೆ ಈ ಚರ್ಚೆಗೆ ಬೇರೆಯೇ ತೂಕ ಬಂತು. ಗ್ರೀಕಿನಲ್ಲಿ ಮಾತ್ರ ಇದ್ದ ಕೆಲವು ಪಾಠಗಳಿಗೆ ಹೀಬ್ರೂವಿನಲ್ಲೇ ಸಾಕ್ಷಿ ದೊರೆಯಿತು. ದಾವೀದ ಕೊಂದ ದೈತ್ಯ ಗೊಲ್ಯಾತನ ಎತ್ತರವನ್ನೇ ತೆಗೆದುಕೊಳ್ಳಿ. ಮಸೋರೆಟ್ ಪಾಠದಲ್ಲಿ ಆರು ಮೊಳ ಒಂದು ಗೇಣು, ಒಂಬತ್ತೂಮುಕ್ಕಾಲು ಅಡಿಯ ಹತ್ತಿರ. ಗ್ರೀಕ್ ಪಾಠದಲ್ಲೂ ಕುಮ್ರಾನಿನ ಸಮುವೇಲ ಸುರುಳಿಯಲ್ಲೂ ನಾಲ್ಕು ಮೊಳ ಒಂದು ಗೇಣು, ಆರೂಮುಕ್ಕಾಲು ಅಡಿ. ಎರಡನೆಯವನೂ ಸಾಮಾನ್ಯ ಆಳಲ್ಲ, ಆದರೆ ಊರಿಗೊಬ್ಬ ಅಂಥವನು ಸಿಕ್ಕಾನು. ಧರ್ಮೋಪದೇಶಕಾಂಡ 32:8 ಇನ್ನೂ ಗಂಭೀರ. ಪರಾತ್ಪರನು ಜನಾಂಗಗಳ ಗಡಿಗಳನ್ನು ಗೊತ್ತುಮಾಡಿದ್ದು 'ಇಸ್ರಾಯೇಲನ ಮಕ್ಕಳ' ಸಂಖ್ಯೆಗೆ ತಕ್ಕಂತೆ ಎನ್ನುತ್ತದೆ ಮಸೋರೆಟ್ ಪಾಠ. ಕುಮ್ರಾನಿನ ತುಣುಕಿನಲ್ಲಿರುವುದು 'ದೇವರ ಮಕ್ಕಳು'. ಏಕದೇವತಾವಾದದ ಗ್ರಂಥದೊಳಗೆ ದೇವಸಭೆಯ ನೆನಪು ಉಳಿದಿದೆಯೇ ಎಂಬ ದೊಡ್ಡ ಪ್ರಶ್ನೆ ಈ ಎರಡು ಪದಗಳ ಮೇಲೆ ನಿಂತಿದೆ. ಕಿಂಗ್ ಜೇಮ್ಸ್ ಎಂಬ 1611ರ ಇಂಗ್ಲಿಷ್ ಅನುವಾದ ಓದಿದರೆ ಈ ಪ್ರಶ್ನೆ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಎನ್‌ಆರ್‌ಎಸ್‌ವಿ ಎಂಬ, ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಾಗಿ ಬಳಸುವ ಈಚಿನ ಇಂಗ್ಲಿಷ್ ಅನುವಾದ ಓದಿದರೆ ತಪ್ಪಿಸಿಕೊಳ್ಳಲಾರಿರಿ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಎರಡು ಪರೀಕ್ಷೆ

ಯಾವ ಪ್ರತಿ ಕೈಗೆ ಬಂದರೂ ನಾನು ಮೊದಲು ತೆಗೆಯುವುದು 1 ಸಮುವೇಲ 13:1. ಹೀಬ್ರೂ ಪಾಠವನ್ನು ಹಾಗೇ ಓದಿದರೆ, ಸೌಲ ಅರಸನಾದಾಗ ಒಂದು ವರ್ಷದವನು, ಆಳಿದ್ದು ಎರಡು ವರ್ಷ. ಒಂದು ವರ್ಷದ ಕೂಸು ಪಟ್ಟಕ್ಕೆ ಬರಲು ಸಾಧ್ಯವಿಲ್ಲ. ಪ್ರತಿ ಮಾಡುವಾಗ ಎಂದೋ ಅಂಕಿ ಬಿದ್ದುಹೋಗಿದೆ. ಈಗ ಅನುವಾದಕರ ಗುಣ ನೋಡಿ. ಕಿಂಗ್ ಜೇಮ್ಸ್ ವಾಕ್ಯವನ್ನೇ ತಿರುಗಿಸಿ, ಸೌಲ ಒಂದು ವರ್ಷ ಆಳಿದ, ಎರಡು ವರ್ಷ ಆಳಿದ ಮೇಲೆ ಹೀಗಾಯಿತು ಎಂದು ದಾಟಿಕೊಂಡಿತು. ಎನ್‌ಐವಿ ಎಂಬ ಈಗಿನ ಇಂಗ್ಲಿಷ್ ಅನುವಾದ ಮೂವತ್ತು ವರ್ಷ, ನಲವತ್ತೆರಡು ವರ್ಷ ಎಂದು ಅಂಕಿ ತುಂಬಿ, ಎಲ್ಲಿಂದ ತಂದೆವೆಂದು ಅಡಿಟಿಪ್ಪಣಿಯಲ್ಲಿ ಹೇಳಿತು. ಎನ್‌ಆರ್‌ಎಸ್‌ವಿ ಮತ್ತು ಯೆಹೂದ್ಯರ ಜೆಪಿಎಸ್ ಅನುವಾದ ಮೂರು ಚುಕ್ಕಿ ಇಟ್ಟು ಜಾಗ ಖಾಲಿ ಬಿಟ್ಟವು. ನನಗೆ ಆ ಚುಕ್ಕಿಗಳ ಮೇಲೆ ಗೌರವ.

ಎರಡನೆಯದು ಆದಿಕಾಂಡ 4:8. ಕಾಯಿನ ತಮ್ಮ ಹೇಬೆಲನಿಗೆ ಹೇಳಿದನು, ಎಂದು ಹೀಬ್ರೂ ವಾಕ್ಯ ಆರಂಭವಾಗುತ್ತದೆ. ಏನು ಹೇಳಿದ? ಏನೂ ಇಲ್ಲ. ಮುಂದಿನ ಮಾತಿನಲ್ಲಿ ಇಬ್ಬರೂ ಹೊಲದಲ್ಲಿದ್ದಾರೆ, ಕೊಲೆ ಆಗಿಹೋಗುತ್ತದೆ. ಗ್ರೀಕ್, ಸಿರಿಯಾಕ್, ಲ್ಯಾಟಿನ್ ಅನುವಾದಗಳಲ್ಲೂ ಸಮಾರ್ಯರೆಂಬ ಪಂಥದವರ ಪಂಚಗ್ರಂಥದಲ್ಲೂ (ಬೈಬಲಿನ ಮೊದಲ ಐದು ಪುಸ್ತಕಗಳಲ್ಲೂ) 'ಹೊಲಕ್ಕೆ ಹೋಗೋಣ ಬಾ' ಎಂಬರ್ಥದ ಮಾತು ಇದೆ. ಬಿದ್ದುಹೋದ ಮಾತನ್ನು ಅವರು ಉಳಿಸಿಕೊಂಡರೋ, ಇಲ್ಲದ ಮಾತನ್ನು ತುಂಬಿದರೋ ಎಂಬುದು ವಾದ. ಎನ್‌ಆರ್‌ಎಸ್‌ವಿ ಆ ಮಾತನ್ನು ಸೇರಿಸಿಕೊಳ್ಳುತ್ತದೆ. ಜೆಪಿಎಸ್ ಇಲ್ಲಿಯೂ ಚುಕ್ಕಿ ಹಾಕುತ್ತದೆ. ಕಥೆಯಾಗಿ ಓದಿದರೆ ಖಾಲಿ ಜಾಗವೇ ಹೆಚ್ಚು ಭಯಂಕರವಾಗಿದೆ ಅಂತ ನನಗೆ ಅನ್ನಿಸುತ್ತದೆ. ಆದರೆ ಅದು ರುಚಿಯ ಮಾತು, ವಿದ್ವತ್ತಿನದಲ್ಲ.

ನಿಮ್ಮ ಕೈಯಲ್ಲಿರುವ ಕನ್ನಡ ಪ್ರತಿಯಲ್ಲೂ ಈ ಎರಡು ವಚನ ತೆಗೆದು, ಪುಟದ ಕೆಳಗೆ ಟಿಪ್ಪಣಿ ಇದೆಯೇ ನೋಡಿ. ಮುದ್ರಣದಿಂದ ಮುದ್ರಣಕ್ಕೆ ಟಿಪ್ಪಣಿಗಳು ವ್ಯತ್ಯಾಸವಾಗುತ್ತವೆ. ಕಿರು ಅಳತೆಯ ಅಗ್ಗದ ಪ್ರತಿಗಳಲ್ಲಿ ಮೊದಲು ಹೊರಬೀಳುವುದು ಅವೇ.

ಯಾರ ಕಣ್ಣಿನಿಂದ

ಇಲ್ಲಿ ಅತಿ ಹೆಸರಾದ ಜಗಳ ಯೆಶಾಯ 7:14ರದು. ಯೆಹೂದದ ಅರಸ ಆಹಾಜನ ಮೇಲೆ ಅರಾಮ್ಯರೂ ಉತ್ತರದ ಇಸ್ರಾಯೇಲರೂ ಒಟ್ಟಾಗಿ ಬಂದಿದ್ದಾರೆ. ಅಲ್ಮಾ ಒಬ್ಬಳು ಮಗನನ್ನು ಹೆರುವಳು, ಆ ಕೂಸಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವ ಮೊದಲೇ ಈ ಇಬ್ಬರು ಅರಸರ ನಾಡು ಹಾಳಾಗುವುದು ಎಂದು ಪ್ರವಾದಿ ಹೇಳುತ್ತಾನೆ. ಅಲ್ಮಾ ಎಂದರೆ ಪ್ರಾಯಕ್ಕೆ ಬಂದ ಹುಡುಗಿ. ಪುರುಷನನ್ನು ಅರಿಯದವಳು ಎಂದು ಒತ್ತಿ ಹೇಳಬೇಕಾದಾಗ ಹೀಬ್ರೂವಿನಲ್ಲಿ ಸಾಮಾನ್ಯವಾಗಿ ಬರುವ ಪದ ಬೆತೂಲಾ. ಗ್ರೀಕ್ ಅನುವಾದಕರು ಪಾರ್ಥೆನೋಸ್ ಎಂದರು, ಮತ್ತಾಯನ ಸುವಾರ್ತೆ ಆ ಗ್ರೀಕ್ ಪದವನ್ನೇ ಹಿಡಿದು ಯೇಸುವಿನ ಜನನಕ್ಕೆ ಅನ್ವಯಿಸಿತು. ಹೀಬ್ರೂ ವಾಕ್ಯದಲ್ಲಿ ಇನ್ನೂ ಒಂದು ತೊಡಕಿದೆ: 'ಗರ್ಭಿಣಿಯಾಗುವಳು' ಎಂದೂ 'ಈಗಾಗಲೇ ಗರ್ಭಿಣಿ' ಎಂದೂ ಓದಬಹುದು. ಯೆಹೂದ್ಯ ಅನುವಾದಗಳು ಎರಡನೆಯದನ್ನು ಹಿಡಿಯುತ್ತವೆ. 1952ರಲ್ಲಿ ಎನ್‌ಆರ್‌ಎಸ್‌ವಿಯ ಹಿಂದಿನ ಆವೃತ್ತಿಯಾದ ಆರ್‌ಎಸ್‌ವಿ ಇಲ್ಲಿ 'ಯುವತಿ' ಎಂದು ಬರೆದಾಗ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಒಬ್ಬ ಪಾದ್ರಿ ಆ ಪುಟವನ್ನೇ ಸುಟ್ಟರು.

ಕನ್ನಡದಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ 'ಕನ್ಯೆ' ಇಂಗ್ಲಿಷಿನ ವರ್ಜಿನ್‌ನಷ್ಟು ಕಟ್ಟುನಿಟ್ಟಿನ ಪದವಲ್ಲ. ಉತ್ತರ ಕರ್ನಾಟಕದಲ್ಲಿ ಕನ್ಯಾ ನೋಡಾಕ ಹೋಗುವವರು ಮದುವೆಗೆ ಬಂದ ಹುಡುಗಿಯನ್ನು ನೋಡಲು ಹೋಗುತ್ತಾರೆ, ಅಷ್ಟೆ. ಕನ್ನಡ ಪ್ರತಿಯಲ್ಲಿ ಕನ್ಯೆ ಅಥವಾ ಕನ್ನಿಕೆ ಎಂದಿದ್ದರೆ ಮೂಲದ ಎರಡೂ ಅರ್ಥಗಳಿಗೆ ಒಂದಿಷ್ಟು ಎಡೆ ಇದ್ದೇ ಇರುತ್ತದೆ.

ಕೀರ್ತನೆ 22ರಲ್ಲೂ ಇದೇ ತರಹದ ಕಗ್ಗಂಟು. ದುಷ್ಟರ ಗುಂಪು ಸುತ್ತಿಕೊಂಡಿದೆ, ಆಮೇಲೆ ಮಸೋರೆಟ್ ಪಾಠದಲ್ಲಿ ಬರುವುದು 'ಸಿಂಹದ ಹಾಗೆ ನನ್ನ ಕೈಕಾಲುಗಳು'. ಕ್ರಿಯಾಪದವೇ ಇಲ್ಲ. ಕೊನೆಯ ಅಕ್ಷರ ಒಂದು ಬದಲಾದರೆ, ಯೋದ್ ಹೋಗಿ ವಾವ್ ಬಂದರೆ, ಅದು ಕ್ರಿಯಾಪದವಾಗುತ್ತದೆ. ಗ್ರೀಕಿನಲ್ಲಿ 'ಅಗೆದರು' ಎಂದಿದೆ. ಕ್ರೈಸ್ತ ಪರಂಪರೆ 'ಚುಚ್ಚಿದರು' ಎಂದು ಶಿಲುಬೆಯನ್ನು ಕಂಡಿತು. ಜೆಪಿಎಸ್ ಸಿಂಹವನ್ನು ಉಳಿಸಿಕೊಂಡು ಒಂದು ಕ್ರಿಯಾಪದವನ್ನು ಕಂಸದಲ್ಲಿ ತುಂಬಿತು. 1989ರ ಎನ್‌ಆರ್‌ಎಸ್‌ವಿ 'ಕೈಕಾಲು ಸೊರಗಿವೆ' ಎಂದಿತು. ಯಾರೂ ಸುಳ್ಳು ಹೇಳುತ್ತಿಲ್ಲ, ಮೂಲವೇ ಮುರಿದಿದೆ. ಯಾವ ತುಂಡಿನಿಂದ ಜೋಡಿಸಿದರು ಎಂಬುದಷ್ಟೇ ಬೇರೆ.

ಆದರೆ ಮೂಲ ಮುರಿಯದ ಕಡೆಯೂ ನಂಬಿಕೆ ಕೈಯಾಡಿಸುವುದುಂಟು. ಆದಿಕಾಂಡ 1ರಲ್ಲಿ ಮೊದಲು ಪ್ರಾಣಿಗಳು, ಆಮೇಲೆ ಮನುಷ್ಯ. ಎರಡನೆಯ ಅಧ್ಯಾಯದಲ್ಲಿ ಮನುಷ್ಯ ಮೊದಲು, ಅವನು ಒಂಟಿಯೆಂದು ಪ್ರಾಣಿಗಳು ಆಮೇಲೆ. 2:19ರಲ್ಲಿ ಎನ್‌ಐವಿ 'ರೂಪಿಸಿದ್ದನು' ಎಂದು ಪೂರ್ವಭೂತ ಕಾಲ ಬಳಸಿ ಎರಡೂ ಕಥೆಗಳ ಜಗಳವನ್ನು ಇಲ್ಲದಂತೆ ಮಾಡುತ್ತದೆ. ಹೀಬ್ರೂವಿನಲ್ಲಿರುವುದು ಕಥೆಯನ್ನು ಮುಂದೊಯ್ಯುವ ಸಾದಾ ಕ್ರಿಯಾಪದ, 'ರೂಪಿಸಿದನು'. ಯೆಹೂದ್ಯರ ಕಡೆಯೂ ಇದಕ್ಕೆ ಹೊರತಲ್ಲ. ಆರ್ಟ್‌ಸ್ಕ್ರೋಲ್ ಎಂಬ ಸಂಪ್ರದಾಯಸ್ಥ ಪ್ರಕಾಶನದ ಅನುವಾದದಲ್ಲಿ ಪರಮಗೀತ ತೆಗೆದರೆ ನಲ್ಲನೂ ಇಲ್ಲ ನಲ್ಲೆಯೂ ಇಲ್ಲ. ಹನ್ನೊಂದನೆಯ ಶತಮಾನದ ರಾಶಿ ಎಂಬ ಯೆಹೂದ್ಯ ಪಂಡಿತನ ವ್ಯಾಖ್ಯಾನವನ್ನು ಅನುಸರಿಸಿ ಅದನ್ನು ದೇವರಿಗೂ ಇಸ್ರಾಯೇಲಿಗೂ ನಡುವಿನ ಪ್ರೀತಿಯ ರೂಪಕವಾಗಿಯೇ ಅನುವಾದಿಸಿದ್ದಾರೆ. ಪದಶಃ ಅರ್ಥಕ್ಕೆ ಟಿಪ್ಪಣಿಗೆ ಇಳಿಯಬೇಕು.

ಇನ್ನೊಂದು, ಯೋಬ 13:15. ಕಿಂಗ್ ಜೇಮ್ಸ್‌ನಲ್ಲಿ ಯೋಬ, ಆತನು ನನ್ನನ್ನು ಕೊಂದರೂ ಆತನನ್ನೇ ನಂಬುವೆನು ಎನ್ನುತ್ತಾನೆ. ಎನ್‌ಆರ್‌ಎಸ್‌ವಿಯಲ್ಲಿ, ಆತನು ನನ್ನನ್ನು ಕೊಲ್ಲುವನು, ನನಗೆ ನಿರೀಕ್ಷೆಯಿಲ್ಲ ಎನ್ನುತ್ತಾನೆ. ಭಕ್ತ ಯೋಬ ಒಬ್ಬ, ಬಂಡೆದ್ದ ಯೋಬ ಇನ್ನೊಬ್ಬ. ಹೀಬ್ರೂವಿನಲ್ಲಿ 'ಲೋ' ಎಂಬ ಒಂದೇ ಉಚ್ಚಾರಣೆ ಎರಡು ರೀತಿಯ ಬರಹಕ್ಕೆ: ಒಂದು ರೀತಿ ಬರೆದರೆ 'ಇಲ್ಲ', ಇನ್ನೊಂದು ರೀತಿ ಬರೆದರೆ 'ಆತನಿಗೆ'. ಪಂಕ್ತಿಯೊಳಗೆ ಮೊದಲನೆಯದಿದೆ, ಎರಡನೆಯದಾಗಿ ಓದು ಎಂದು ಮಸೋರೆಟರು ಅಂಚಿನಲ್ಲಿ ಬರೆದಿಟ್ಟರು. ಎರಡನ್ನೂ ಉಳಿಸಿದ ಅವರ ಜಾಣತನ ಅನುವಾದಕ್ಕೆ ದಕ್ಕುವುದಿಲ್ಲ. ಅನುವಾದಕ ಒಂದನ್ನು ಆರಿಸಲೇಬೇಕು.

ಕನ್ನಡದ ಪ್ರತಿಗಳು

ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮುನ್ನಡೆಸಿದ ಕೆಲಸದಿಂದ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲೇ ಇಡೀ ಬೈಬಲು ಕನ್ನಡಕ್ಕೆ ಬಂತು. ಅಲ್ಲಿಂದ ಹಲವು ಪರಿಷ್ಕರಣೆಗಳನ್ನು ದಾಟಿ ಇಂದು ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಹೆಚ್ಚಾಗಿ ಕೇಳುವುದು ಬೈಬಲ್ ಸೊಸೈಟಿ ಆಫ್ ಇಂಡಿಯಾದ 'ಸತ್ಯವೇದವು', ಜೆ.ವಿ. ಎಂಬ ಗುರುತಿನದು. ಇದರ ಭಾಷೆ ಹಳತಾಗಿದೆ ಎಂಬ ದೂರು ನಿಜ, ಆದರೆ ನಾನು ಇದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಎಂಬ ಸಾಲಿನ ಬಿಗಿಯನ್ನು ನೋಡಿ. ಹೀಬ್ರೂವಿನಲ್ಲಿ ಅದು ನಾಲ್ಕೇ ಪದ, ಕನ್ನಡದಲ್ಲೂ ನಾಲ್ಕೇ ಪದ. ಅದೇ ಕೀರ್ತನೆಯಲ್ಲಿ ಕಿಂಗ್ ಜೇಮ್ಸ್ 'ಮರಣದ ನೆರಳಿನ ಕಣಿವೆ' ಎಂದು ಲೋಕಪ್ರಸಿದ್ಧ ಮಾಡಿದ ಪದಕ್ಕೆ ಕನ್ನಡದವರು 'ಕಾರ್ಗತ್ತಲಿನ ಕಣಿವೆ' ಎಂದಿದ್ದಾರೆ. ತ್ಸಲ್ಮಾವೆತ್ ಎಂಬ ಆ ಪದಕ್ಕೆ ಕಡುಗತ್ತಲು ಎಂಬರ್ಥವೇ ಸರಿ ಎಂಬುದು ಬಹಳ ವಿದ್ವಾಂಸರ ಮತ. ಜೆಪಿಎಸ್ ಕೂಡ ಹಾಗೇ ಹೇಳುತ್ತದೆ.

ಮೊಟ್ಟಮೊದಲ ವಾಕ್ಯವನ್ನೂ ಹತ್ತಿರದಿಂದ ನೋಡಬೇಕು. 'ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು.' ದೇವರು ಎಂಬ ಬಹುವಚನ ರೂಪಕ್ಕೆ ಉಂಟುಮಾಡಿದನು ಎಂಬ ಏಕವಚನ ಕ್ರಿಯಾಪದ. ವ್ಯಾಕರಣ ತಪ್ಪಿದ ಹಾಗೆ ಕಾಣುತ್ತದೆ. ಆದರೆ ಹೀಬ್ರೂವಿನಲ್ಲಿರುವುದೂ ಇದೇ: ಎಲೋಹಿಮ್ ಬಹುವಚನದ ರೂಪ, ಬಾರಾ ಏಕವಚನದ ಕ್ರಿಯೆ. ಇಂಗ್ಲಿಷಿಗೆ ಈ ಸೂಕ್ಷ್ಮ ದಕ್ಕುವುದೇ ಇಲ್ಲ, ಕನ್ನಡಕ್ಕೆ ತಾನಾಗಿ ಬಂದಿದೆ. ಸಿ.ಎಲ್. ಎಂದು ಕರೆಯುವ ಸರಳ ಭಾಷೆಯ ಆವೃತ್ತಿಯಲ್ಲಿ 'ಸೃಷ್ಟಿಮಾಡಿದರು' ಎಂದು ಗೌರವದ ಬಹುವಚನ ಬರುತ್ತದೆ. ನಾವು ಮಾತಾಡುವ ಕನ್ನಡಕ್ಕೆ ಅದೇ ಸಹಜ, ಓದಲು ಹಿತ. ಆದರೆ ಆ ಹೀಬ್ರೂ ಗಂಟು ಅಲ್ಲಿ ಬಿಚ್ಚಿಹೋಯಿತು.

ದೇವರ ಹೆಸರಿನ ವಿಷಯದಲ್ಲೂ ಇವೆರಡು ಬೇರೆ ದಾರಿ. ನಾಲ್ಕು ವ್ಯಂಜನಗಳ ಆ ಹೆಸರನ್ನು ಯೆಹೂದ್ಯರು ಉಚ್ಚರಿಸುವುದಿಲ್ಲ, 'ಅದೋನಾಯ್' ಎಂದು ಓದಿಕೊಳ್ಳುತ್ತಾರೆ. ಆ ಪದದ ಸ್ವರಗಳನ್ನು ಈ ವ್ಯಂಜನಗಳಿಗೆ ಹಚ್ಚಿ ಓದಿದ ಕ್ರೈಸ್ತರಿಂದ ಯೆಹೋವ ಎಂಬ ರೂಪ ಹುಟ್ಟಿತು. ಜೆ.ವಿ. ಆ ಹೆಸರನ್ನೇ ಇಟ್ಟುಕೊಂಡಿದೆ. ಹೆಸರು ಎಲ್ಲಿದೆ, ಬಿರುದು ಎಲ್ಲಿದೆ ಎಂಬುದು ಓದುಗನಿಗೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಅದರ ಲಾಭ. ಸಿ.ಎಲ್.ನಲ್ಲಿ 'ಸರ್ವೇಶ್ವರ' ಬರುತ್ತದೆ. ಕಿವಿಗೆ ನಮ್ಮದಾಗಿ ಕೇಳುತ್ತದೆ, ಆದರೆ ಸ್ವಂತ ಹೆಸರುಳ್ಳ, ಕೋಪತಾಪವುಳ್ಳ ಆ ದೇವರು ಸ್ವಲ್ಪ ದೂರ ಸರಿಯುತ್ತಾನೆ.

ಉಪನಿಷತ್ತಿನ ಓದುಗರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಹೀಬ್ರೂವಿನ ನೆಫೆಷ್ ಎಂದರೆ ಗಂಟಲು, ಉಸಿರು, ಜೀವ, ತಾನು. ದೇಹಕ್ಕಿಂತ ಬೇರೆಯಾದ ಅಮರ ತತ್ತ್ವವಲ್ಲ. ಕೀರ್ತನೆ 69ರಲ್ಲಿ ನೀರು ನೆಫೆಷ್‌ವರೆಗೆ ಬಂತು ಎಂದರೆ ಕುತ್ತಿಗೆಮಟ್ಟ ಬಂತು ಎಂದರ್ಥ. ಜೆ.ವಿ. ಕೀರ್ತನೆ 23ರಲ್ಲಿ ಅದಕ್ಕೆ 'ಪ್ರಾಣ' ಎಂದೂ 103ರಲ್ಲಿ 'ನನ್ನ ಮನವೇ' ಎಂದೂ ಹೇಳುತ್ತದೆ. ಎರಡೂ ಒಳ್ಳೆಯ ಕನ್ನಡ, ಎರಡೂ 'ಆತ್ಮ' ಎಂಬ ಪದಕ್ಕಿಂತ ಮೇಲು. ಆದರೆ ಎರಡು ಕಡೆಯೂ ಮೂಲದಲ್ಲಿ ಒಂದೇ ಪದ ಇದೆಯೆಂಬುದು ಕನ್ನಡ ಓದಿ ಗೊತ್ತಾಗುವುದಿಲ್ಲ. ಆದಿಕಾಂಡ 1:2ರ 'ದೇವರಾತ್ಮ'ದ ಹಿಂದಿರುವ ರುವಾಖ್ ಬೇರೆಯೇ ಪದ. ಅದಕ್ಕೆ ಗಾಳಿ, ಉಸಿರು ಎಂಬ ಅರ್ಥವೂ ಉಂಟು. ಜೆಪಿಎಸ್ ಅಲ್ಲಿ ದೇವರಿಂದ ಬಂದ ಗಾಳಿ ಎನ್ನುತ್ತದೆ.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 'ಪರಿಶುದ್ಧ ಬೈಬಲ್' ಎಂಬ ಸುಲಭ ಓದಿನ ಆವೃತ್ತಿ ಚಿಕ್ಕ ವಾಕ್ಯಗಳಲ್ಲಿದೆ. ಅರಸುಗಳು, ನ್ಯಾಯಸ್ಥಾಪಕರಂಥ ಕಥಾಭಾಗಗಳಿಗೆ, ಮಕ್ಕಳಿಗೆ, ಮೊದಲ ಓದಿಗೆ ಚೆನ್ನ. ಕಾವ್ಯಭಾಗಕ್ಕೆ ಬೇಡ, ಬಿಡಿಸಿ ಹೇಳುವ ಭರದಲ್ಲಿ ಕವಿತೆ ಗದ್ಯವಾಗುತ್ತದೆ. ತೋಬಿತ, ಯೂದಿತ, ಮಕ್ಕಬಿಯರ ಪುಸ್ತಕಗಳೂ ಬೇಕೆಂದರೆ ಕಥೋಲಿಕರ ಆವೃತ್ತಿಯನ್ನೇ ಕೇಳಿ ತೆಗೆದುಕೊಳ್ಳಿ. ಹೀಬ್ರೂ ಸಂಪುಟದಲ್ಲಿ ಅವಿಲ್ಲ.

ಇಂಗ್ಲಿಷಿನಲ್ಲಿ ಯಾವುದು ಏಕೆ

ಕಿಂಗ್ ಜೇಮ್ಸ್, 1611. ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಇದಿಲ್ಲದೆ ಆಗದು. ಮಿಲ್ಟನ್‌ನಿಂದ ಹಿಡಿದು ಮುಂದಿನ ಬರಹಗಾರರ ಕಿವಿಯಲ್ಲಿ ಇದ್ದದ್ದು ಇದೇ. ಹೀಬ್ರೂ ಏನು ಹೇಳುತ್ತದೆ ಎಂದು ತಿಳಿಯಲು ಮಾತ್ರ ಇದನ್ನೊಂದನ್ನೇ ನಂಬಬೇಡಿ. ಕುಮ್ರಾನ್ ಗೊತ್ತಿಲ್ಲದ ಕಾಲದ್ದು, ಅರ್ಥ ಮಬ್ಬಾದ ಕಡೆಯೂ ದನಿ ತಗ್ಗಿಸುವುದಿಲ್ಲ.

ಎನ್‌ಐವಿ ಸಲೀಸಾಗಿ ಓದಿಸಿಕೊಳ್ಳುತ್ತದೆ, ಎಲ್ಲ ಕಡೆ ಸಿಗುತ್ತದೆ. ಬೈಬಲಿನ ಮಾತೇ ಅಂತಿಮ ಪ್ರಮಾಣ ಎನ್ನುವ ಇವಾಂಜೆಲಿಕಲ್ ಪ್ರಾಟೆಸ್ಟೆಂಟ್ ವಿದ್ವಾಂಸರ ಕೆಲಸ. ಆ ನಂಬಿಕೆಯವರಿಗೆ ಮನೆಯ ಪುಸ್ತಕ. ಎರಡು ಕಥೆಗಳ ನಡುವಿನ ವಿರೋಧವನ್ನೇ ಅಧ್ಯಯನ ಮಾಡುವವರಿಗೆ ಇದು ಅಡ್ಡಿ, ಕಾರಣ ಮೇಲೆ ಹೇಳಿದೆ.

ಎನ್‌ಆರ್‌ಎಸ್‌ವಿ, 1989ರದು, 2021ರಲ್ಲಿ ಪರಿಷ್ಕೃತ. ವಿಶ್ವವಿದ್ಯಾಲಯಗಳ ಪಠ್ಯ ಹೆಚ್ಚಾಗಿ ಇದೇ. ಗ್ರೀಕ್, ಕುಮ್ರಾನ್ ಪಾಠಗಳು ಮೇಲೆನಿಸಿದರೆ ಧೈರ್ಯವಾಗಿ ಎತ್ತಿಕೊಂಡು ಅಡಿಯಲ್ಲಿ ಹೇಳುತ್ತದೆ. ಆ ಧೈರ್ಯವೇ ಕೆಲವೊಮ್ಮೆ ಅತಿಯಾಗುತ್ತದೆ, ಹೀಬ್ರೂ ಇದ್ದಂತೆಯೇ ಅರ್ಥ ಕೊಡುವ ಕಡೆಯೂ ತಿದ್ದುವುದುಂಟು. ಶೈಲಿ ಸಪ್ಪೆ. ಕೊಳ್ಳುವುದಾದರೆ ಟಿಪ್ಪಣಿಯುಳ್ಳ ಅಧ್ಯಯನದ ಆವೃತ್ತಿಯನ್ನೇ ಕೊಳ್ಳಿ.

ಜೆಪಿಎಸ್, ಅಂದರೆ ಅಮೆರಿಕದ ಜ್ಯೂಯಿಶ್ ಪಬ್ಲಿಕೇಶನ್ ಸೊಸೈಟಿಯ ಅನುವಾದ, 1985ರಲ್ಲಿ ಒಂದೇ ಸಂಪುಟವಾಯಿತು. ಮಸೋರೆಟ್ ಪಾಠವನ್ನು ಬಿಟ್ಟು ಕದಲುವುದಿಲ್ಲ. ಪಾಠಾಂತರವಿದ್ದರೆ ಟಿಪ್ಪಣಿಯಲ್ಲಿ ಹೇಳುತ್ತದೆ. 'ಹೀಬ್ರೂ ಪದದ ಅರ್ಥ ಖಚಿತವಿಲ್ಲ' ಎಂಬ ಟಿಪ್ಪಣಿ ಯೋಬನಲ್ಲಿ, ಹೋಶೇಯನಲ್ಲಿ ಮತ್ತೆಮತ್ತೆ ಎದುರಾಗುತ್ತದೆ. ಕೆಲವರಿಗೆ ಇದು ಕಿರಿಕಿರಿ, ನನಗೆ ಇದೇ ಇದರ ದೊಡ್ಡ ಗುಣ. ಮೊದಲ ವಾಕ್ಯವನ್ನೇ 'ದೇವರು ಸೃಷ್ಟಿಸಲು ತೊಡಗಿದಾಗ' ಎಂದು ಆರಂಭಿಸುತ್ತದೆ. ಶೂನ್ಯದಿಂದ ಸೃಷ್ಟಿ ಎಂಬ ಸಿದ್ಧಾಂತಕ್ಕೆ ಅಲ್ಲಿ ಆಧಾರ ಉಳಿಯುವುದಿಲ್ಲ, ಕತ್ತಲೂ ನೀರೂ ಆಗಲೇ ಇವೆ. ಇದು ಆಧುನಿಕರ ಹುಚ್ಚಾಟವಲ್ಲ, ರಾಶಿಯೂ ಹೀಗೇ ಓದಿದ್ದ. 2021ರ ಎನ್‌ಆರ್‌ಎಸ್‌ವಿ ಪರಿಷ್ಕರಣೆಯೂ ಈ ಕಡೆಗೇ ಬಂದಿದೆ. ವಿಮೋಚನಕಾಂಡ 3:14ರಲ್ಲಿ ಮೋಶೆ ಹೆಸರು ಕೇಳಿದಾಗ ಬರುವ ಉತ್ತರವನ್ನಂತೂ ಜೆಪಿಎಸ್ ಅನುವಾದಿಸದೆ 'ಎಹ್ಯೆ ಅಷೆರ್ ಎಹ್ಯೆ' ಎಂದೇ ಬಿಟ್ಟಿದೆ. 'ಇರುವವನೇ ನಾನು' ಎಂದೂ ಆದೀತು, 'ಏನಾಗುವೆನೋ ಅದಾಗುವೆನು' ಎಂದೂ ಆದೀತು. ತೊಂದರೆ ಏನೆಂದರೆ ಕಾವ್ಯ ಬಂದಾಗ ಜೆಪಿಎಸ್ ಅರ್ಥ ಹೇಳಿ ಕೈತೊಳೆದುಕೊಳ್ಳುತ್ತದೆ, ಲಯದ ಗೋಜಿಗೆ ಹೋಗುವುದಿಲ್ಲ.

ಲಯ ಬೇಕೆಂದರೆ ರಾಬರ್ಟ್ ಆಲ್ಟರ್. ಒಬ್ಬರೇ ಇಡೀ ಹೀಬ್ರೂ ಬೈಬಲನ್ನು ಅನುವಾದಿಸಿ 2018ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಹೀಬ್ರೂ ಗದ್ಯ 'ಮತ್ತು, ಮತ್ತು' ಎಂದು ಸಾಗುವ ನಡೆಯನ್ನು ಅವರು ಕತ್ತರಿಸುವುದಿಲ್ಲ. ನೆಫೆಷ್‌ಗೆ ಆತ್ಮ ಎಂಬರ್ಥದ ಇಂಗ್ಲಿಷ್ ಪದವನ್ನು ದೂರವಿಡುತ್ತಾರೆ. ಪ್ರಸಂಗಿಯ ಪುಸ್ತಕದಲ್ಲಿ ನಮ್ಮ ಜೆ.ವಿ. 'ವ್ಯರ್ಥವೇ ವ್ಯರ್ಥ' ಎನ್ನುವ ಕಡೆ ಅವರು ಹೆವೆಲ್ ಪದದ ಮೂಲಾರ್ಥಕ್ಕೆ ಹೋಗಿ ಬರೀ ಉಸಿರು ಎನ್ನುತ್ತಾರೆ. ಅವರ ಟಿಪ್ಪಣಿಗಳು ಪುಸ್ತಕದ ಅರ್ಧ ಬೆಲೆ ಬಾಳುತ್ತವೆ. ಆ ಬೆಲೆಯೇ ಕಷ್ಟ, ಮೂರು ಸಂಪುಟಕ್ಕೆ ಹಲವು ಸಾವಿರ ಆಗುತ್ತದೆ, ತೂಕವೂ ಹಾಗೇ. ಪಂಚಗ್ರಂಥ, ಕೀರ್ತನೆಗಳು, ಯೋಬ-ಜ್ಞಾನೋಕ್ತಿ-ಪ್ರಸಂಗಿ ಬಿಡಿಬಿಡಿಯಾಗಿಯೂ ಸಿಗುತ್ತವೆ, ಅವುಗಳಿಂದ ಶುರುಮಾಡುವುದು ಜಾಣತನ. ಎವರೆಟ್ ಫಾಕ್ಸ್ ಅವರ ಪಂಚಗ್ರಂಥ, 1995ರದು, ಇನ್ನೂ ಮುಂದೆ ಹೋಗಿ ಹೀಬ್ರೂವಿನ ಪದಪುನರಾವೃತ್ತಿಯನ್ನೆಲ್ಲ ಇಂಗ್ಲಿಷಿನಲ್ಲಿ ಕೇಳಿಸುತ್ತದೆ. ಗಟ್ಟಿಯಾಗಿ ಓದಲು ರೋಮಾಂಚನ, ಮೌನವಾಗಿ ಓದಿದರೆ ಹತ್ತು ಪುಟಕ್ಕೆ ಸುಸ್ತು.

ನಿಮಗೆ ಯಾವುದು

ದುಡ್ಡು ಹಾಕುವ ಮನಸ್ಸಿಲ್ಲ ಎಂದರೆ ಏನೂ ಕೊಳ್ಳಬೇಡಿ. ಯೂವರ್ಷನ್ ಆಪ್‌ನಲ್ಲಿ ಜೆ.ವಿ., ಸಿ.ಎಲ್., ಸುಲಭ ಓದಿನ ಆವೃತ್ತಿ ಮೂರೂ ಉಚಿತ. ಸೆಫಾರಿಯಾ ಜಾಲತಾಣದಲ್ಲಿ ಹೀಬ್ರೂ ಪಕ್ಕದಲ್ಲೇ ಜೆಪಿಎಸ್, ಪದ ಒತ್ತಿದರೆ ನಿಘಂಟು, ವಚನ ಒತ್ತಿದರೆ ರಾಶಿ, ಇಬ್ನ್ ಎಜ್ರಾ ಮೊದಲಾದ ಹಳೆಯ ಯೆಹೂದ್ಯ ವ್ಯಾಖ್ಯಾನಕಾರರೂ. ಅನುವಾದಕರು ಏಕೆ ಹೀಗೆ ಮಾಡಿದರು ಎಂಬ ಕುತೂಹಲವಿದ್ದರೆ ನೆಟ್ ಬೈಬಲ್ ಎಂಬುದರಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳು ಪುಕ್ಕಟೆ.

ಕನ್ನಡ ಮಾತ್ರ ಓದುವವರು ಜೆ.ವಿ. ಮತ್ತು ಸಿ.ಎಲ್. ಎರಡನ್ನೂ ಇಟ್ಟುಕೊಳ್ಳಿ, ಎರಡೂ ಸೇರಿ ಒಂದು ಇಂಗ್ಲಿಷ್ ಅಧ್ಯಯನ ಆವೃತ್ತಿಗಿಂತ ಅಗ್ಗ. ಒಂದೇ ಸಾಕು ಎಂದರೆ, ಕಥೆಗಾಗಿ ಓದುವವರಿಗೆ ಸಿ.ಎಲ್., ಮೂಲದ ಹತ್ತಿರ ಹೋಗಬೇಕೆನ್ನುವವರಿಗೆ ಜೆ.ವಿ. ಚರ್ಚಿನಲ್ಲಿ ಓದಬೇಕಾದವರು ನಿಮ್ಮ ಸಭೆಯಲ್ಲಿ ಯಾವುದನ್ನು ಓದುತ್ತಾರೋ ಅದನ್ನೇ ಇಟ್ಟುಕೊಂಡು, ಮನೆಯಲ್ಲಿ ಜೆಪಿಎಸ್ ಪಕ್ಕಕ್ಕಿಡಿ. ನಂಬಿಕೆ ಕೆಡುತ್ತದೆ ಎಂಬ ಹೆದರಿಕೆ ಬೇಡ, ಯೆಶಾಯ 7ನ್ನು ಯೆಹೂದ್ಯರು ಹೇಗೆ ಓದುತ್ತಾರೆ ಎಂದು ತಿಳಿದಿದ್ದರೆ ಮತ್ತಾಯನ ವಾದವೂ ಹೆಚ್ಚು ಸ್ಪಷ್ಟವಾಗುತ್ತದೆ. ಸಾಹಿತ್ಯದವರು ಆಲ್ಟರ್, ಕೈ ಸಣ್ಣದಿದ್ದರೆ ಅವರ ಕೀರ್ತನೆಗಳೊಂದೇ ಸಾಕು. ಎಂ.ಎ., ಪಿಎಚ್‌ಡಿಯವರು ಎನ್‌ಆರ್‌ಎಸ್‌ವಿ ಅಧ್ಯಯನ ಆವೃತ್ತಿ ಜೊತೆಗೆ ಜೆಪಿಎಸ್. ಒಂದು ಗ್ರೀಕಿನ ಕಡೆ ವಾಲುವಾಗ ಇನ್ನೊಂದು ಹೀಬ್ರೂವನ್ನು ಬಿಡುವುದಿಲ್ಲ, ಆ ಎಳೆದಾಟದಲ್ಲೇ ಪ್ರಬಂಧಕ್ಕೆ ಬೇಕಾದ ವಿಷಯ ಸಿಗುತ್ತದೆ. ನನ್ನನ್ನು ಒಂದೇ ಒಂದು ಹೆಸರು ಹೇಳು ಎಂದರೆ ಜೆಪಿಎಸ್ ಎನ್ನುತ್ತೇನೆ, ಆ ಚುಕ್ಕಿಗಳಿಗಾಗಿ.

ಎರಡು ಪ್ರತಿ ಪಕ್ಕಪಕ್ಕದಲ್ಲಿ ಇಟ್ಟು ಓದುವವರಿಗೆ ಒಂದು ತಾಂತ್ರಿಕ ಮಾತು. ವಚನದ ಅಂಕಿಗಳು ಎಲ್ಲ ಕಡೆ ಹೊಂದುವುದಿಲ್ಲ. ಹೀಬ್ರೂ ಎಣಿಕೆಯಲ್ಲಿ ಹಲವು ಕೀರ್ತನೆಗಳ ತಲೆಬರಹವೂ ವಚನವಾಗಿ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಜೆಪಿಎಸ್‌ನಲ್ಲಿ ಕೀರ್ತನೆ 22ರ ಸಿಂಹದ ಸಾಲು 17ನೆಯದು, ಕನ್ನಡದಲ್ಲಿ 16ನೆಯದು. ಕೀರ್ತನೆ 51ರಲ್ಲಿ ವ್ಯತ್ಯಾಸ ಎರಡು ವಚನ. ಯೋವೇಲನ ಪುಸ್ತಕ ಹೀಬ್ರೂವಿನಲ್ಲಿ ನಾಲ್ಕು ಅಧ್ಯಾಯ, ನಮ್ಮಲ್ಲಿ ಮೂರು. ಮಲಾಕಿಯದು ತಿರುಗಾಮುರುಗಾ, ಅಲ್ಲಿ ಮೂರು, ಇಲ್ಲಿ ನಾಲ್ಕು. ಪುಸ್ತಕಗಳ ಅನುಕ್ರಮವೂ ಬೇರೆ: ಮಲಾಕಿಯನ್ನು ಹುಡುಕುತ್ತಾ ಜೆಪಿಎಸ್‌ನ ಕೊನೆಯ ಪುಟ ತೆಗೆದರೆ ಪೂರ್ವಕಾಲವೃತ್ತಾಂತ ಸಿಗುತ್ತದೆ.